ತೋಟದ ಮಣ್ಣಿಗೆ ಯಾವ ಸುಣ್ಣ ಹಾಕಬೇಕು, ಯಾವಾಗ?

ಕೃಷಿ ಸುಣ್ಣ, ಅಂದರೆ ನುಣ್ಣಗೆ ಪುಡಿ ಮಾಡಿದ ಸುಣ್ಣಕಲ್ಲು ಕೊಳ್ಳಿ. ಬಿತ್ತನೆಗೆ ಎರಡು-ಮೂರು ತಿಂಗಳು ಮೊದಲೇ ಹಾಕಿ. ಸುಟ್ಟ ಸುಣ್ಣ ಬೇಡ, ಅದು ಕೈಯನ್ನೂ ಬೇರನ್ನೂ ಸುಡುತ್ತದೆ. ಮಣ್ಣಿನಲ್ಲಿ ಮೆಗ್ನೀಸಿಯಂ ಕೊರತೆಯಿದ್ದರೆ ಡೋಲೊಮೈಟ್, ಅಂದರೆ ಮೆಗ್ನೀಸಿಯಂ ಇರುವ ಸುಣ್ಣಕಲ್ಲು, ಒಳ್ಳೆಯದು.

ಸುಣ್ಣ ಮಣ್ಣಿನ ಹುಳಿಯನ್ನು, ಅಂದರೆ ಆಮ್ಲೀಯತೆಯನ್ನು, ತಗ್ಗಿಸುತ್ತದೆ. ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು) ಸುಮಾರು 5.5ಕ್ಕಿಂತ ಕೆಳಗಿಳಿದರೆ ಮಣ್ಣಿನ ಅಲ್ಯೂಮಿನಿಯಂ ಕರಗಿ ಬೇರುಗಳನ್ನು ಕುಂಠಿತಗೊಳಿಸುತ್ತದೆ, ರಂಜಕವೂ ಗಿಡಕ್ಕೆ ದಕ್ಕುವುದಿಲ್ಲ. ಎಷ್ಟೇ ಗೊಬ್ಬರ ಸುರಿದರೂ ಗಿಡ ಸೊರಗುವುದು ಎಷ್ಟೋ ಸಲ ಇದಕ್ಕೇ.

ಸುಣ್ಣಕಲ್ಲು ನಿಧಾನವಾಗಿ ಕರಗುತ್ತದೆ, ಹಾಕಿದಲ್ಲೇ ಉಳಿಯುತ್ತದೆ. ಆದ್ದರಿಂದ ಮೇಲಿನ 15 ಸೆಂಟಿಮೀಟರ್ ಮಣ್ಣಿನಲ್ಲಿ ಚೆನ್ನಾಗಿ ಬೆರೆಸಿ. ಯೂರಿಯಾ, ಹಸಿ ಸಗಣಿಯ ಜೊತೆ ಮಾತ್ರ ಹಾಕಬೇಡಿ. ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ. ದಯವಿಟ್ಟು ಮೊದಲು ಮಣ್ಣು ಪರೀಕ್ಷೆ ಮಾಡಿಸಿ, ಹೆಚ್ಚಾದ ಸುಣ್ಣವನ್ನು ವಾಪಸ್ ತೆಗೆಯಲಾಗದು.