ಮನೆಯಲ್ಲೇ ಇರೋ ವಯಸ್ಸಾದವರು ಬೇಜಾರು ಕಳೆಯೋಕೆ ಏನ್ ಮಾಡ್ಬಹುದು?

ಬೇಜಾರು ಅಂದ ತಕ್ಷಣ ಟಿವಿ ಮುಂದೆ ಕೂರಿಸಿಬಿಡ್ತೀವಿ, ಹೊತ್ತೇನೋ ಹೋಗುತ್ತೆ ಆದ್ರೆ ಮನಸ್ಸು ಖಾಲಿನೇ ಇರುತ್ತೆ. ಇವತ್ತು ನನ್ನಿಂದ ಒಂದು ಕೆಲಸ ಆಯ್ತು ಅನ್ನೋ ಸಮಾಧಾನ ಬೇಕು ಅವರಿಗೆ.

ಅದಕ್ಕೆ ನನ್ನ ಪ್ರಕಾರ ಹಳೇ ಫೋಟೋ ಕೆಲಸದಷ್ಟು ಒಳ್ಳೇದು ಇನ್ನೊಂದಿಲ್ಲ. ಆಲ್ಬಮ್‌ನಿಂದ ದಿನಕ್ಕೆ ನಾಲ್ಕೈದೇ ಫೋಟೋ ತಗೊಂಡು, ಫೋನಲ್ಲಿ ರೆಕಾರ್ಡಿಂಗ್ ಆನ್ ಮಾಡಿಟ್ಟು, ಇದ್ಯಾರು, ಯಾವ ವರ್ಷ, ಪಕ್ಕದಲ್ಲಿ ನಿಂತಿರೋ ಮಗು ಯಾರ್ದು ಅಂತ ಅವರೇ ಹೇಳ್ತಾ ಹೋಗ್ಲಿ, ಆಮೇಲೆ ಫೋಟೋ ಹಿಂದುಗಡೆ ಪೆನ್ಸಿಲಲ್ಲಿ ಮೆತ್ತಗೆ ಹೆಸರು ಬರೀಲಿ (ಪೆನ್ ಬೇಡ, ಇಂಕು ಮುಂದಕ್ಕೆ ಇಳಿಯೋ ಚಾನ್ಸ್ ಇರುತ್ತೆ). ಮೊಮ್ಮಕ್ಕಳು ಪಕ್ಕದಲ್ಲಿದ್ರಂತೂ ಮಾತು ನಿಲ್ಲೋದೇ ಇಲ್ಲ.

ಕುಂಡದಲ್ಲಿ ಗಿಡ ಬೆಳೆಸೋದು, ಪದಬಂಧ, ಹೆಣಿಗೆ ಇವೂ ಸರಿ.

ಮೈಗೂ ಕೆಲಸ ಬೇಕು. 65 ದಾಟಿದವರು ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾಗಿ ನಡೆಯೋ ಥರದ ವ್ಯಾಯಾಮ, ಜೊತೆಗೆ 3 ದಿನ ಬ್ಯಾಲೆನ್ಸ್ ಕಾಪಾಡೋ ವ್ಯಾಯಾಮ ಮಾಡ್ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಅಷ್ಟಾಗಲ್ವಾ, ಆದಷ್ಟು ಮಾಡ್ಲಿ, ಕುರ್ಚಿ ಹಿಡ್ಕೊಂಡು ಹಿಮ್ಮಡಿ ಎತ್ತಿ ಇಳಿಸಿದ್ರೂ ಆಯ್ತು.

ಕಣ್ಣು ಸಾಲ್ದಿದ್ರೆ ಆಡಿಯೋಬುಕ್ ಹಾಕ್ಕೊಡಿ. ಇನ್ನೊಂದು, ಕಿವಿ ಸರಿಯಾಗಿ ಕೇಳ್ದೆ ಎಷ್ಟೋ ಜನ ಮಾತೇ ಬಿಟ್ಟು ಮೂಲೆ ಸೇರಿರ್ತಾರೆ, ನಾವದನ್ನ ಬೇಜಾರು ಅನ್ಕೋತೀವಿ, ಒಮ್ಮೆ ಕಿವಿ ಚೆಕ್ ಮಾಡ್ಸಿ. ಇಷ್ಟದ ಕೆಲಸನೂ ಬೇಡ ಅಂತ ಎರಡು ವಾರಕ್ಕಿಂತ ಜಾಸ್ತಿ ಮಂಕಾಗಿದ್ರೆ ಅದು ಖಿನ್ನತೆ ಇರ್ಬಹುದು, ದಯವಿಟ್ಟು ಡಾಕ್ಟರ್ ಹತ್ರ ಕರ್ಕೊಂಡು ಹೋಗಿ.