ಎಸ್ಟೋನಿಯನ್ ಆಡುಮಾತನ್ನು ಇಂಗ್ಲಿಷಿಗೆ ತರಬಲ್ಲ ಪ್ರಮಾಣಿತ ಅನುವಾದಕರು ಎಲ್ಲಿ ಸಿಗುತ್ತಾರೆ?

ಎಸ್ಟೋನಿಯಾದ ರಾಜಧಾನಿ ಟಾಲಿನ್‌ನ ಗ್ರಾಹಕರು ಆಡುಮಾತಿನಲ್ಲಿ ಬರೆದ ಚಾಟ್‌ಗಳಿಗೆ ಪ್ರಮಾಣಪತ್ರ ಉಳ್ಳ ಅನುವಾದಕರೇ ಬೇಕು ಎಂದಿದ್ದೀರಿ. ನಾನೂ ಅಂಥವರನ್ನೇ ಹುಡುಕಿದ್ದೆ, ಒಳ್ಳೆಯವರೇ ಸಿಕ್ಕಿದ್ದರು. ಕೆಲಸ ಕೆಟ್ಟದ್ದು ನಾನು ಕಡತ ಕಳುಹಿಸಿದ ರೀತಿಯಿಂದ.

ಬೆಂಗಳೂರಿನಲ್ಲಿ ಕುಳಿತು ಎಸ್ಟೋನಿಯಾದ ಒಂದು ಸಣ್ಣ ಕಂಪನಿಯ ಗ್ರಾಹಕ ಸೇವೆಯನ್ನು ನೋಡಿಕೊಳ್ಳುತ್ತಿದ್ದೆ. ಅನುವಾದಕರು ಪದಕ್ಕಿಷ್ಟು ಎಂದು ದರ ಹೇಳಿದ್ದರಿಂದ, ಖರ್ಚು ಉಳಿಸುವ ಜಾಣತನದಲ್ಲಿ ಸಂಭಾಷಣೆಗಳನ್ನೆಲ್ಲ ಎಕ್ಸೆಲ್‌ಗೆ ಸುರಿದು, ನಮ್ಮವರ ಉತ್ತರಗಳನ್ನೂ ಸಮಯವನ್ನೂ ಎಮೋಜಿಗಳನ್ನೂ ಅಳಿಸಿ, ಒಂದೇ ತೆರನಾದ ಸಾಲುಗಳನ್ನು ಒಂದಾಗಿಸಿ, ಅಕ್ಷರಾನುಕ್ರಮದಲ್ಲಿ ಜೋಡಿಸಿ ಕಳುಹಿಸಿದೆ. ಯಾರು ಯಾವ ಮಾತಿಗೆ ಹಾಗೆಂದರು ಎಂಬುದೇ ಅವರಿಗೆ ಕಾಣದಂತಾಯಿತು. ರಷ್ಯನ್‌ನಿಂದ ಬಂದ ‘ದವಾಯ್’ ಎಂಬುದನ್ನು ಎಸ್ಟೋನಿಯನ್ನರು ‘ಆಗಲಿ’ ಎನ್ನಲೂ ಬಳಸುತ್ತಾರೆ, ಮಾತು ಮುಗಿಸಿ ಫೋನ್ ಇಡುವಾಗಲೂ ಬಳಸುತ್ತಾರೆ. ಸಂಭಾಷಣೆಯ ಕೊನೆಯ ಸಾಲೆಂದು ತಿಳಿದಿದ್ದರೆ ಯಾರಿಗೂ ಗೊಂದಲವಾಗುತ್ತಿರಲಿಲ್ಲ. ಆದರೆ ನನ್ನ ಪಟ್ಟಿಯಲ್ಲಿ ಅದು ಒಂಟಿ ಸಾಲು. ಅದಕ್ಕೆ ಸಿಕ್ಕ ‘ಒಪ್ಪಿಗೆ’ ಎಂಬ ಒಂದೇ ಅನುವಾದ, ಆ ಮಾತು ಬಂದ ಎಲ್ಲ ಸಂಭಾಷಣೆಗಳಿಗೂ ಅಂಟಿಕೊಂಡಿತು. ಬೇಸತ್ತು ಮಾತು ಮುಗಿಸಿದ್ದವರಿಗೆಲ್ಲ ನಾವು ದುಬಾರಿ ಯೋಜನೆಯ ಬಿಲ್ ಕಳುಹಿಸಿದೆವು. ಗ್ರಾಹಕರು ಹೋದರು, ಆ ಗುತ್ತಿಗೆಯೂ ನನ್ನ ಕೈತಪ್ಪಿತು.

ಸಂದರ್ಭ ಕಾಣದಿದ್ದರೆ ಪ್ರಮಾಣಪತ್ರವೂ ಕಾಪಾಡದು. ಆದ್ದರಿಂದ ಅದರ ಹಟ ಬಿಡಿ. ಎಸ್ಟೋನಿಯಾದಲ್ಲಿ ಪ್ರಮಾಣವಚನ ಸ್ವೀಕರಿಸಿದ ಅನುವಾದಕರಿದ್ದಾರೆ; ಜನನ ಪತ್ರಕ್ಕೋ ನ್ಯಾಯಾಲಯದ ಕಾಗದಕ್ಕೋ ಅವರ ಮುದ್ರೆ ಬೇಕಾಗಬಹುದು. ಆದರೆ ‘ಮುಲ್ ಒನ್ ಸವಿ’ ಎಂದರೆ ಅಕ್ಷರಶಃ ‘ನನಗೆ ಜೇಡಿಮಣ್ಣು’ ಎಂದಾದರೂ ಆಡುವವರ ಇಂಗಿತ ‘ನನಗೇನಂತೆ’ ಎಂದು (ನಮ್ಮ ಸವಿಗೂ ಅದಕ್ಕೂ ಯಾವ ನಂಟೂ ಇಲ್ಲ), ಅದರಲ್ಲಿ ಸಿಟ್ಟೆಷ್ಟು, ತಮಾಷೆಯೆಷ್ಟು ಎಂದು ಹೇಳಲು ಮುದ್ರೆ ಬೇಕಿಲ್ಲ. ಸಂದೇಶ ಬರೆದವರ ವಯಸ್ಸಿನವರೇ ಆದ, ಸಾಧ್ಯವಾದರೆ ಅದೇ ಊರಿನ ಎಸ್ಟೋನಿಯನ್ನರೊಬ್ಬರು ಸಾಕು. ಟಾಲಿನ್ ಅಥವಾ ತಾರ್ತುವಿನ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಲ್ಲಿ ವಿಚಾರಿಸಿ. ಆಡುಮಾತಿನಲ್ಲಿ ರಷ್ಯನ್ ಪದಗಳು ಹೇರಳವಾಗಿರುವುದರಿಂದ ಆ ಭಾಷೆಯೂ ಬಂದರೆ ಇನ್ನೂ ಒಳ್ಳೆಯದು. ಅವರ ಇಂಗ್ಲಿಷ್ ಒರಟಾಗಿದ್ದರೆ ನೀವೇ ತಿದ್ದಿಕೊಳ್ಳಬಹುದು.

ಯಂತ್ರಾನುವಾದವನ್ನು ನೆಚ್ಚಿ ಕೂರಬೇಡಿ. ಇಂಗ್ಲಿಷ್ o ಅಕ್ಷರದ ನೆತ್ತಿಯ ಮೇಲೆ ಅಲೆಗೀಟು ಇರುವ õ ಸ್ವರದ ಜಾಗದಲ್ಲಿ 6 ಎಂಬ ಅಂಕಿಯನ್ನೂ, ‘ಕ್ಸ್’ ಧ್ವನಿಗೆ ಎಕ್ಸ್ ಅಕ್ಷರವನ್ನೂ ಬರೆಯುವವರ ಮುಂದೆ ಅದು ಸುಲಭವಾಗಿ ಮುಗ್ಗರಿಸುತ್ತದೆ. ಎಸ್ಟೋನಿಯನ್ ಭಾಷಾ ಸಂಸ್ಥೆಯ ‘ಸೊನವೇಬ್’ (Sõnaveeb) ನಿಘಂಟು ತಾಣ ಉಚಿತ. ಅನುಮಾನ ಬಂದ ಪದವನ್ನು ಅಲ್ಲಿ ನೋಡಿ.

ಕೂಲಿಯನ್ನು ಪದಕ್ಕಲ್ಲ, ಗಂಟೆಗೆ ಗೊತ್ತುಮಾಡಿ. ಗ್ರಾಹಕರ ಹೆಸರು, ಫೋನ್ ಸಂಖ್ಯೆಗಳನ್ನು ಮರೆಮಾಡಿ, ಉಳಿದಂತೆ ಇಡೀ ಸಂಭಾಷಣೆಯನ್ನು ಇದ್ದ ಹಾಗೆಯೇ ಕೊಡಿ. ಪ್ರತಿ ಸಾಲಿಗೂ ಮೊದಲು ಶಿಷ್ಟ ಎಸ್ಟೋನಿಯನ್‌ನಲ್ಲಿ ಅರ್ಥ ಬರೆಸಿ, ಇಂಗ್ಲಿಷ್ ಅನುವಾದವನ್ನು ಆಮೇಲೆ ಕೇಳಿ.