ಪ್ರತಿಕ್ರಿಯೆ: ತೋಟದೊಳಗೆ ರಸ್ತೆ ತುಂಡಾಗುವುದೇಕೆ?

ಮೇಲಿಂದ ತೆಗೆದ ಚಿತ್ರಗಳಲ್ಲಿ ಕುಶಾಲನಗರದ ಕಡೆ ಚೆನ್ನಾಗಿ ರಸ್ತೆ ಗುರುತಿಸುವ ನಿಮ್ಮ ಯು-ನೆಟ್ ಮಾಡೆಲ್ (ಚಿತ್ರದ ಪ್ರತಿ ಪಿಕ್ಸೆಲ್ ರಸ್ತೆಯೋ ಅಲ್ಲವೋ ಎಂದು ಹೇಳುವ ಎಐ), ಸೋಮವಾರಪೇಟೆಯ ಕಾಫಿ ತೋಟಗಳಲ್ಲಿ ಯಾಕೆ ತುಂಡು ತುಂಡು ಗೆರೆ ಕೊಡುತ್ತದೆ, ಸೆಂಟಿನೆಲ್-2 ಉಪಗ್ರಹದ ಚಿತ್ರ ಬಳಸಿದರೆ ಸರಿಹೋಗುತ್ತದಾ ಎಂದು ಕೇಳಿದ್ದೀರಿ.

ಸೆಂಟಿನೆಲ್ ಬೇಡ. ಅದರ ಒಂದು ಪಿಕ್ಸೆಲ್ ಅಂದರೆ ನೆಲದ ಮೇಲೆ 10 ಮೀಟರ್. ಜೀಪು ಹೋಗುವ ತೋಟದ ದಾರಿ 3 ಮೀಟರ್ ಇದ್ದರೆ ಜಾಸ್ತಿ!

ನಿಜವಾದ ತೊಂದರೆ ನೆರಳಿನ ಮರಗಳದ್ದು. ಸಿಲ್ವರ್ ಓಕ್ ಕೆಳಗೆ ದಾರಿ ಕಾಣುವುದೇ ಇಲ್ಲ, ಮಾಡೆಲ್ ಏನು ಮಾಡೀತು? ಆದರೆ ಎರಡೂ ಕಡೆ ಕಾಣುವ ತುಂಡುಗಳನ್ನು ನೋಡಿ ನಾವು ಊಹಿಸುತ್ತೇವಲ್ವಾ, ಅದನ್ನೇ ಅದಕ್ಕೂ ಕಲಿಸಬೇಕು. ತರಬೇತಿ ಚಿತ್ರಗಳಲ್ಲಿ ರಸ್ತೆಯ ಗುರುತು (ಲೇಬಲ್) ಹಾಕುವಾಗ ಮರದಡಿಯಲ್ಲೂ ಗೆರೆ ನಿಲ್ಲಿಸದೆ ಎಳೆಯಿರಿ. ಒಮ್ಮೆಗೆ ದೊಡ್ಡ ಜಾಗ ನೋಡುವ ಡಿ-ಲಿಂಕ್‌ನೆಟ್ ಎಂಬ ಮಾಡೆಲ್ ಪ್ರಯತ್ನಿಸಿ. ಉಪಗ್ರಹ ಚಿತ್ರದಲ್ಲಿ ರಸ್ತೆ ಗುರುತಿಸುವ 2018ರ ಡೀಪ್‌ಗ್ಲೋಬ್ ಸ್ಪರ್ಧೆ ಗೆದ್ದದ್ದು ಅದೇ.

ಚಿತ್ರ ಯಾವ ತಿಂಗಳದ್ದು ನೋಡಿದ್ದೀರಾ? ಮರಗಸಿ (ನೆರಳಿನ ಮರಗಳ ಕೊಂಬೆ ಕಡಿಯುವುದು) ಮುಗಿದು ಮಳೆ ಹಿಡಿಯುವ ಮುಂಚಿನದು ಸಿಕ್ಕರೆ ಅರ್ಧ ಕೆಲಸ ಸಲೀಸು. ಜುಲೈಯದ್ದಾದರೆ ಬರೀ ಮೋಡ.

ನಾನು ಮಾಡಿದಾಗ ಕಾಫಿ ಒಣಗಿಸುವ ಕಣಗಳೆಲ್ಲ ರಸ್ತೆ ಎಂದು ಬಂದಿದ್ದವು. ಕಣ ಇರುವ, ರಸ್ತೆ ಇಲ್ಲದ ಚಿತ್ರಗಳನ್ನೂ ತರಬೇತಿಗೆ ಸೇರಿಸಿದ ಮೇಲೆ ಕಡಿಮೆಯಾಯಿತು.

ಇನ್ನೊಂದು, ಐಒಯು ಅಂಕಿಯನ್ನು (ಮಾಡೆಲ್ ಗುರುತಿಸಿದ ರಸ್ತೆ ನಿಜವಾದ ರಸ್ತೆಗೆ ಎಷ್ಟು ಹೊಂದುತ್ತದೆ ಎಂಬ ಅಳತೆ) ಸುಮ್ನೆ ನಂಬಬೇಡಿ. ಎರಡು ಪಿಕ್ಸೆಲ್ ತಪ್ಪಿದರೆ ಅಂಕಿ ಅಲ್ಲಾಡುವುದಿಲ್ಲ, ದಾರಿ ಮಾತ್ರ ಕಡಿದುಹೋಗುತ್ತದೆ. ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಲು ಆಗುತ್ತದಾ ಎಂದು ಪರೀಕ್ಷಿಸಿ. ಎಲ್ಲರೂ ಸೇರಿ ತಯಾರಿಸುವ ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆಗೆ ಹಾಕುವ ಮುಂಚೆ ಒಂದೆರಡು ದಾರಿಯಲ್ಲಾದರೂ ಫೋನಿನ ಜಿಪಿಎಸ್ ಹಾಕಿಕೊಂಡು ಓಡಾಡಿ ಬನ್ನಿ. ತೋಟದ ಮಾಲೀಕರನ್ನು ಕೇಳಿಯೇ ಹೋಗಿ, ನಾಯಿಗಳಿರುತ್ತವೆ.